ಘಮಘಮದಲ್ಲಿ ಸದ್ದೆಲ್ಲಿದೆ?

ಕಾ ಕಾ ಅನ್ನುತ್ತದೆ, ಅದಕ್ಕೇ ಕಾಗೆ. ಹಗರಿಬೊಮ್ಮನಹಳ್ಳಿಯ ಕೂಸೂ ಹೇಳಬಹುದಾದ ಈ ಮಾತಿಗೆ ಪಂಡಿತರು ಜಗಳವಾಡಿದ್ದರು. ಪದಗಳ ಮೂಲ ಹೇಳುವ ‘ನಿರುಕ್ತ’ ಬರೆದ ಯಾಸ್ಕ, ‘ಕಾಕ’ ಎಂಬುದು ಕೂಗಿನ ಅನುಕರಣೆ, ಹಕ್ಕಿಗಳ ಹೆಸರಲ್ಲಿ ಇಂಥವು ಬಹಳ ಎಂದ. ಔಪಮನ್ಯವನೆಂಬವನು ಒಪ್ಪಲಿಲ್ಲ. ಅನುಕರಣೆ ಎಂಬುದೇ ಇಲ್ಲ, ಓಡಿಸಬೇಕಾದ ಹಕ್ಕಿಯಾದ್ದರಿಂದ ಅದು ಕಾಕ ಎಂದು ಧಾತು ಹುಡುಕಿ ಸಾಧಿಸಿದ. ಕಣದಲ್ಲಿ ಜೋಳ ಕಾದವರಿಗೆ ಅವನ ಸಿಟ್ಟು ಅರ್ಥವಾದೀತು, ವ್ಯಾಕರಣವಲ್ಲ.

ಯಾಸ್ಕ ಗೆದ್ದರೂ ಕಾಗೆಯಿಂದ ಆಚೆಗೆ ದಾರಿಯಿರಲಿಲ್ಲ. ಅದು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಹಾಗೇ ಕೂಗುತ್ತದೆ. ಎರಡು ಭಾಷೆಯ ಹೆಸರು ಒಂದೇ ಆಗಿದ್ದರೆ ಒಂದು ಇನ್ನೊಂದರಿಂದ ತಂದದ್ದೋ, ಎರಡೂ ಕಾಗೆಯಿಂದಲೇ ಕಲಿತದ್ದೋ, ಹೇಳುವುದು ಹೇಗೆ?

ದಾರಿ ತೋರಿದ್ದು ಸದ್ದೇ ಇಲ್ಲದ ಕಡೆ ಹುಟ್ಟಿದ, ಅನುಕರಣೆಯಂತೆಯೇ ಕೇಳಿಸುವ ಮಾತುಗಳು. ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ಬಳಿ ಪಳಗಿದ ಮರ್ರೆ ಎಮಿನೋ 1935ರಲ್ಲಿ ಭಾರತಕ್ಕೆ ಬಂದು, ನೀಲಗಿರಿಯ ತೋಡ, ಕೋತರ ನುಡಿಯನ್ನೂ ಕೊಡವ ನುಡಿಯನ್ನೂ ಜನರ ಬಾಯಿಂದ ಕೇಳಿ ಬರೆದುಕೊಂಡರು. 1961ರಲ್ಲಿ ಟಿ. ಬರೋ ಜೊತೆ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶ ತಂದರು. ಗಡಗಡ, ಚಟಪಟ ಜಾತಿಯ ಮಾತುಗಳು ಓದುಬರಹವಿಲ್ಲದ ಬೆಟ್ಟದ ನುಡಿಗಳಲ್ಲೂ ತುಂಬಿದ್ದವು. ವೇದದ ಹಳೆಯ ಭಾಗದಲ್ಲಿ ಅವು ವಿರಳ, ಬರಬರುತ್ತ ಉತ್ತರದ ಭಾಷೆಗಳಲ್ಲಿ ಹೆಚ್ಚಿವೆ. 1969ರ ಪ್ರಬಂಧದಲ್ಲಿ ಎಮಿನೋ ಇದನ್ನೆಲ್ಲ ಹರಡಿಟ್ಟರು: ಭಾರತದ ಭಾಷೆಗಳು ಒಂದಕ್ಕೊಂದು ಒರಗಿ ಬೆಳೆದ ಗುರುತು ಇದು, ಹರಿವು ಬಹುಮಟ್ಟಿಗೆ ದ್ರಾವಿಡದ ಕಡೆಯಿಂದ. ಕಿವಿಗೆ ಕೇಳುವುದಷ್ಟೇ ಅಲ್ಲ, ಕಣ್ಣು, ಮೂಗು, ಚರ್ಮಕ್ಕೆ ತಾಗುವುದನ್ನೂ ಅವರು ಇದೇ ಗುಂಪಿಗೆ ಸೇರಿಸಿದ್ದರು. ನನಗೆ ದೊಡ್ಡದೆನಿಸುವುದು ಈ ಮಾತೇ.

ಹಡಗಲಿ ಮಲ್ಲಿಗೆಯನ್ನು ನೋಡಿ. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವ ಈ ಹೂವಿಗೆ ಬಾಯಿಲ್ಲ. ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದರೆ ಸದ್ದೇನೂ ಬರದು. ಆದರೂ ನಾವು ‘ಘಮಘಮ’ ಅನ್ನುತ್ತೇವೆ. ತಮಿಳರು ‘ಕಮಕಮ’, ತೆಲುಗರು ‘ಘುಮಘುಮ’, ಮರಾಠಿಗರು ‘ಘಮಘಮಾಟ’. ಹೂವೇನೂ ಕೂಗಿ ಕಲಿಸಿಲ್ಲವಲ್ಲ. ಹೀಗೆ ಹೊಂದುವುದೆಂದರೆ ಜನ ಒಬ್ಬರಿಂದೊಬ್ಬರು ಕಲಿತಿರಬೇಕು. ಕೊಟ್ಟೂರಿನ ಮಿರ್ಚಿ ‘ಗರಿಗರಿ’ಯೆಂದರೆ ಹಲ್ಲಿನಡಿ ಸದ್ದಾಗುತ್ತದೆ ಎನ್ನಬಹುದು. ಹೊಸ ನೋಟೂ ಗರಿಗರಿಯೇ, ಅದನ್ನು ಯಾರೂ ಕಚ್ಚಿ ನೋಡುವುದಿಲ್ಲ.

ಶಾಲೆಯಲ್ಲಿ ಇವನ್ನು ಅನುಕರಣಾವ್ಯಯವೆಂದು ಕಲಿಸುತ್ತಾರೆ. ಕೇಳಿದ ಧ್ವನಿಯನ್ನು ಹಾಗೇ ಹೇಳುವುದು ಎಂಬ ವಿವರಣೆ ಮಲ್ಲಿಗೆಯ ಮುಂದೆ ಸೋಲುತ್ತದೆ. ಪುಸ್ತಕದಲ್ಲಿ ಮಹಾಪ್ರಾಣ ಹಾಕಿ ‘ಘಮ’ ಎಂದು ಬರೆಯುತ್ತೇವೆ. ಹಡಗಲಿ ಸಂತೆಯಲ್ಲಿ ಮಾತ್ರ ಹೂ ‘ಗಮ್ಮಂತೈತಿ’. ತಮಿಳಿನ ‘ಕಮ’ಕ್ಕೂ ಮಹಾಪ್ರಾಣವಿಲ್ಲ. ಆ ಹೊಟ್ಟೆ ಸೀಳಿದ ಅಕ್ಷರ ಆಮೇಲೆ ಅಂಟಿದ್ದೆಂದೇ ನನ್ನ ಗುಮಾನಿ.