ಜ್ವರದ ಮಂಪರು ಮತ್ತು ರಕ್ತದ ಉಪ್ಪು

ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಭಾಗದ ಜನರಿಗೆ ಬಿಸಿಲೂ ಹೊಸದಲ್ಲ, ನೀರಡಿಕೆಯೂ ಹೊಸದಲ್ಲ. ಬೆವರಿ ಸೋತಾಗ ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯುವ ರೂಢಿ ಮನೆಮನೆಯಲ್ಲಿದೆ. ಆದರೆ ಶ್ವಾಸಕೋಶಕ್ಕೆ ಸೋಂಕು ತಗುಲಿದ ಜ್ವರದಲ್ಲಿ ದೇಹದ ಉಪ್ಪು-ನೀರಿನ ಲೆಕ್ಕವೇ ಬೇರೆ. ವೃದ್ಧರಿರುವ ಪ್ರತಿಯೊಂದು ಕುಟುಂಬವೂ ಇದನ್ನು ಅರಿತಿರುವುದು ಅವಶ್ಯ.

2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಕೋವಿಡ್‌ನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣವದು. ಆ ಬಳಿಕ ದೇಶವಿದೇಶಗಳ ವೈದ್ಯರು ಆಸ್ಪತ್ರೆ ಸೇರಿದ ಅನೇಕ ರೋಗಿಗಳ ರಕ್ತದಲ್ಲಿ ಸೋಡಿಯಂ ಏರುಪೇರಾಗಿರುವುದನ್ನು ಕಂಡರು. ಫ್ಲೂ, ನ್ಯುಮೋನಿಯಾಗಳಲ್ಲಿಯೂ ಇದುಂಟು.

ಸೋಡಿಯಂ ಅಡುಗೆ ಉಪ್ಪಿನ ಒಂದು ಅಂಶ. ಆರೋಗ್ಯವಂತರ ರಕ್ತದ್ರವದ ಒಂದು ಲೀಟರಿನಲ್ಲಿ ಅದು 135ರಿಂದ 145 ಮಿಲಿಮೋಲ್ ಇರುತ್ತದೆ. ಶ್ವಾಸಕೋಶ ಬೇನೆಗೊಂಡಾಗ ಮೆದುಳಿನಿಂದ ಬರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಅತಿಯಾಗುವುದುಂಟು. ಆಗ ಮೂತ್ರಪಿಂಡಗಳು ನೀರನ್ನು ಹೊರಬಿಡದೆ ಹಿಡಿದಿಡುತ್ತವೆ. ರಕ್ತದ ಉಪ್ಪು ತೆಳುವಾಗುತ್ತದೆ. ವಾಂತಿಭೇದಿಯೂ, ರಕ್ತದೊತ್ತಡಕ್ಕೆಂದು ನುಂಗುವ ಕೆಲವು ಮೂತ್ರವರ್ಧಕ ಮಾತ್ರೆಗಳೂ ಸೋಡಿಯಂ ತಗ್ಗಿಸಬಲ್ಲವು. ಇದಕ್ಕೆ ವಿರುದ್ಧವಾಗಿ, ತೀವ್ರ ಜ್ವರ ಹಾಗೂ ಏದುಸಿರಿನಿಂದ ನೀರು ನಷ್ಟವಾಗಿ, ಕುಡಿಯಲೂ ತ್ರಾಣವಿಲ್ಲದವರಲ್ಲಿ ಸೋಡಿಯಂ ಏರುತ್ತದೆ. ಹೀಗೆ ಏರಿದ ಕೋವಿಡ್ ರೋಗಿಗಳಲ್ಲಿ ಸಾವಿನ ಸಂಭವ ಹೆಚ್ಚಾಗಿತ್ತು.

ಎರಡೂ ಸ್ಥಿತಿಗಳ ಪೆಟ್ಟು ಮುಖ್ಯವಾಗಿ ಮೆದುಳಿಗೆ. ನಿಶ್ಶಕ್ತಿ, ಮಂಪರು, ತಡವರಿಸುವ ಮಾತು, ಮನೆಯವರ ಗುರುತು ಸಿಗದಿರುವುದು, ಕೊನೆಗೆ ಸೆಳವು ಇದರ ಲಕ್ಷಣಗಳು. ‘ಅಜ್ಜನಿಗೆ ಅರಳುಮರಳು’ ಎಂದು ಸುಮ್ಮನಾಗುವುದೇ ಅಪಾಯ. ಅರಳುಮರಳು ವರ್ಷಗಳಲ್ಲಿ ಬರುವಂಥದು, ಒಂದೆರಡು ದಿನಗಳಲ್ಲಲ್ಲ. ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ಹಿರಿಯರು ಜ್ವರದಲ್ಲಿ ಒಮ್ಮೆಲೇ ತಬ್ಬಿಬ್ಬಾದರೆ ಅದು ಮುಪ್ಪಲ್ಲ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕಾದ ಸೂಚನೆ.

ಹಾಗೆಂದು ಮನೆಯಲ್ಲಿಯೇ ಉಪ್ಪುನೀರು ಕುಡಿಸುವುದಾಗಲಿ, ತಂಬಿಗೆಗಟ್ಟಲೆ ನೀರು ಬಲವಂತದಿಂದ ಕುಡಿಸುವುದಾಗಲಿ ಸಲ್ಲದು. ಸೋಡಿಯಂ ತಗ್ಗಿದೆಯೋ ಏರಿದೆಯೋ ಎಂಬುದು ಮುಖ ನೋಡಿ ತಿಳಿಯದು, ರಕ್ತಪರೀಕ್ಷೆಯೇ ಬೇಕು. ಒಬ್ಬರಿಗೆ ಹಿತವಾದ ನೀರು ಮತ್ತೊಬ್ಬರಿಗೆ ಕೇಡಾದೀತು. ಮಂಪರಿನಲ್ಲಿ ಕುಡಿಸಿದ್ದು ಶ್ವಾಸನಾಳಕ್ಕೆ ಇಳಿಯಲೂಬಹುದು. ದಿನಗಟ್ಟಲೆ ತಗ್ಗಿದ್ದ ಸೋಡಿಯಮನ್ನು ವೈದ್ಯರೂ ನಿಧಾನವಾಗಿ, 24 ಗಂಟೆಗಳಲ್ಲಿ ಸಾಮಾನ್ಯವಾಗಿ 8ರಿಂದ 10 ಮಿಲಿಮೋಲ್ ಮೀರದಂತೆ ಏರಿಸುತ್ತಾರೆ. ಅವಸರಿಸಿದರೆ ಮೆದುಳಿನ ನರತಂತುಗಳ ಹೊದಿಕೆಗೆ ಹಾನಿಯಾಗುವ ಭಯವಿದೆ.

ಆಸ್ಪತ್ರೆಗೆ ಹೊರಡುವಾಗ ಹಿರಿಯರು ಸೇವಿಸುತ್ತಿರುವ ಮಾತ್ರೆಗಳನ್ನು ಜೊತೆಗೆ ಒಯ್ಯಿರಿ. ಎಷ್ಟು ನೀರು ಕುಡಿದರು, ಎಷ್ಟು ಸಲ ಮೂತ್ರವಾಯಿತು, ಮಾತು ಯಾವಾಗ ಬದಲಾಯಿತು ಎಂಬುದನ್ನು ವೈದ್ಯರಿಗೆ ತಿಳಿಸಿರಿ. ಸೋಡಿಯಂ ಪರೀಕ್ಷೆ ಆಗಿದೆಯೇ ಎಂದು ವಿನಯದಿಂದ ಕೇಳಲು ಸಂಕೋಚ ಬೇಡ.