ವಾಸಿಯಾಗದ ಕಾಯಿಲೆಯ ಬೆಕ್ಕು: ಕಷ್ಟದ ದಿನಗಳಲ್ಲಿ ಆರೈಕೆ

ಒಕ್ಕಲುತನದ ಮನೆಯ ಲೆಕ್ಕದ ಪುಸ್ತಕದಲ್ಲಿ ದನ, ಎಮ್ಮೆ, ಕುರಿ, ಕೋಳಿಗಳಿಗೆ ಜಾಗವುಂಟು, ಬೆಕ್ಕಿಗೆ ಇಲ್ಲ. ಆದರೂ ಕಣಜದ ಕಾಳನ್ನು, ಅಟ್ಟದ ಮೇಲಿನ ಚೀಲಗಳನ್ನು ಇಲಿಗಳಿಂದ ಕಾಯುವುದರಲ್ಲಿ ಅದರ ಪಾಲು ದೊಡ್ಡದು. ಬಹುಪಾಲು ಮನೆಗಳಲ್ಲಿ ಬೆಕ್ಕನ್ನು ಯಾರೂ ಕೊಂಡು ತಂದಿರುವುದಿಲ್ಲ. ಸಂತೆಮಾಳದಲ್ಲೋ ಕಾಲುವೆಯ ದಂಡೆಯಲ್ಲೋ ಯಾರೋ ಬಿಟ್ಟುಹೋದ ಮರಿಯನ್ನು ಮಕ್ಕಳು ಎತ್ತಿಕೊಂಡು ಬಂದಿರುತ್ತಾರೆ. ಹೀಗೆ ಆಶ್ರಯ ಪಡೆದ ಬೆಕ್ಕುಗಳಲ್ಲಿ ಕೆಲವಕ್ಕೆ ಜೀವಮಾನವಿಡೀ ಉಳಿಯುವ ಕಾಯಿಲೆ ಇರುತ್ತದೆ. ಇನ್ನು ಕೆಲವಕ್ಕೆ ವಯಸ್ಸಾದ ಮೇಲೆ ಬರುತ್ತದೆ.

ಮಳೆ ಕೈಕೊಟ್ಟ ವರ್ಷ, ಮನೆಯವರೊಬ್ಬರು ಆಸ್ಪತ್ರೆ ಸೇರಿದಾಗ, ಸಾಲದ ಕಂತು ಬಾಕಿ ಬಿದ್ದಾಗ ಮೊದಲು ನಿಲ್ಲುವುದು ಬೆಕ್ಕಿನ ಔಷಧಿ. ಮನೆಯ ಜನರ ಅನ್ನ ಮತ್ತು ಔಷಧಿ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವುದು ಬೇರೆ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂದು ತಿಳಿದು ಖರ್ಚು ಇಳಿಸುವುದು ಬೇರೆ. ಇಂತಹ ಕಾಯಿಲೆಗಳಲ್ಲಿ ಹಣಕ್ಕಿಂತ ದಿನನಿತ್ಯದ ಕ್ರಮವೇ ಹೆಚ್ಚು ಕೆಲಸ ಮಾಡುತ್ತದೆ. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬೆಕ್ಕು ಮನೆಗೆ ಬಂದ ಕೂಡಲೇ

ಹೊಸದಾಗಿ ಬಂದ ಬೆಕ್ಕನ್ನು ಮನೆಯ ಇತರ ಬೆಕ್ಕುಗಳಿಂದ ಎರಡು ವಾರ ಬೇರೆ ಇಡಬೇಕು. ಹುಚ್ಚುರೋಗದ ಲಸಿಕೆಯನ್ನು ಮೂರು ತಿಂಗಳ ವಯಸ್ಸಿನಲ್ಲಿ ಹಾಕಿಸಿ, ಪ್ರತಿ ವರ್ಷ ಮುಂದುವರಿಸಬೇಕು. ಅಪರಿಚಿತ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು.

ಜಂತು ಔಷಧಿ ಕೊಡಿಸಿ, ಚರ್ಮವನ್ನು ಪರೀಕ್ಷೆ ಮಾಡಿಸಬೇಕು. ಕಜ್ಜಿ ಮತ್ತು ಹುಳುಕಡ್ಡಿ ಬೆಕ್ಕಿನಿಂದ ಮನುಷ್ಯರಿಗೂ ಅಂಟುತ್ತವೆ. ಐದು ತಿಂಗಳು ತುಂಬುವುದರೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಉತ್ತಮ. ಹೆಣ್ಣು ಬೆಕ್ಕಿನ ಗರ್ಭಾವಧಿ ಸುಮಾರು 63ರಿಂದ 65 ದಿನ ಮಾತ್ರ. ಒಂದು ರೋಗಿಯನ್ನು ಸಾಕಬಲ್ಲ ಮನೆ ಅದರ ಆರು ಮರಿಗಳನ್ನು ಸಾಕಲಾರದು.

ಹೆಚ್ಚಾಗಿ ಕಾಣುವ ದೀರ್ಘಕಾಲದ ಕಾಯಿಲೆಗಳು

1. ಮೂತ್ರಪಿಂಡದ ರೋಗ: ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ. ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ, ತೂಕ ಇಳಿಯುತ್ತದೆ, ಆಗಾಗ ವಾಂತಿ ಮಾಡುತ್ತದೆ. ಹಾಳಾದ ಮೂತ್ರಪಿಂಡ ಮತ್ತೆ ಸರಿಯಾಗದು. ಆದರೆ ಸದಾ ನೀರು ಸಿಗುವಂತೆ ಮಾಡಿ, ನೀರಿನಂಶವಿರುವ ಆಹಾರ ಕೊಟ್ಟರೆ ರೋಗದ ವೇಗ ತಗ್ಗಿ, ಅನೇಕ ಬೆಕ್ಕುಗಳು ಎಷ್ಟೋ ಕಾಲ ಬದುಕುತ್ತವೆ. ಅಗತ್ಯವಿದ್ದಾಗ ಚರ್ಮದಡಿ ದ್ರಾವಣ ಕೊಡುವುದನ್ನು ಪಶುವೈದ್ಯರಿಂದ ಕಲಿತು ಮನೆಯಲ್ಲೇ ಮಾಡಬಹುದು. ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ಹೇಳಬೇಕು.

2. ಮರುಕಳಿಸುವ ಶೀತ: ಮರಿಯಾಗಿದ್ದಾಗ ಬಂದ ಹರ್ಪಿಸ್ ವೈರಾಣು ದೇಹದಲ್ಲಿ ಅಡಗಿ ಕುಳಿತು, ಚಳಿ, ಹೆದರಿಕೆ, ಸ್ಥಳ ಬದಲಾವಣೆ ಆದಾಗ ಮತ್ತೆ ತಲೆಯೆತ್ತುತ್ತದೆ. ಕಣ್ಣಲ್ಲಿ ಪಿಸುರು, ಮೂಗು ಕಟ್ಟುವುದು, ಸೀನು ಇದರ ಲಕ್ಷಣಗಳು. ಒಂದು ಲೀಟರ್ ನೀರನ್ನು ಕುದಿಸಿ, 9 ಗ್ರಾಂ ಉಪ್ಪು ಕರಗಿಸಿ, ಆರಿದ ಮೇಲೆ ಶುದ್ಧ ಬಟ್ಟೆಯಿಂದ ಕಣ್ಣು, ಮೂಗು ಒರೆಸಬೇಕು. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯದೆ ಊಟ ಸೇರುವುದಿಲ್ಲ. ಆಹಾರವನ್ನು ಉಗುರು ಬೆಚ್ಚಗೆ ಮಾಡಿ ಕೊಟ್ಟರೆ ತಿನ್ನುತ್ತದೆ. ಇದು ಮನುಷ್ಯರಿಗೆ ಅಂಟುವುದಿಲ್ಲ.

3. ಬಾಯಿ ಮತ್ತು ಒಸಡಿನ ಉರಿಯೂತ: ಜೊಲ್ಲು, ದುರ್ವಾಸನೆ, ತಿನ್ನಲು ಬಂದು ಹಿಂದೆ ಸರಿಯುವುದು ಇದರ ಗುರುತು. ಔಷಧಿಯಿಂದ ಕೆಲಕಾಲ ಮಾತ್ರ ಶಮನವಾಗುತ್ತದೆ. ಹಲ್ಲುಗಳನ್ನು ಕೀಳಿಸಿದರೆ ಬಹುಪಾಲು ಬೆಕ್ಕುಗಳಿಗೆ ಗುಣ ಕಾಣುತ್ತದೆ. ಹಲ್ಲಿಲ್ಲದ ಬೆಕ್ಕು ಮೆತ್ತಗಿನ ಆಹಾರ ತಿಂದು ಸುಖವಾಗಿರುತ್ತದೆ. ಒಮ್ಮೆ ಆಗುವ ಈ ಖರ್ಚು ವರ್ಷಗಟ್ಟಲೆ ಔಷಧಿಗೆ ಸುರಿಯುವುದಕ್ಕಿಂತ ಲೇಸು.

4. ಸಕ್ಕರೆ ಕಾಯಿಲೆ: ಚೆನ್ನಾಗಿ ತಿಂದರೂ ಸೊರಗುವುದು, ಹೆಚ್ಚು ನೀರು ಕುಡಿಯುವುದು ಲಕ್ಷಣಗಳು. ಸಾಮಾನ್ಯವಾಗಿ 12 ಗಂಟೆಗೊಮ್ಮೆ ಇನ್ಸುಲಿನ್ ಚುಚ್ಚುಮದ್ದು ಬೇಕಾಗುತ್ತದೆ. ಬೇಗ ಗುರುತಿಸಿ ಕ್ರಮ ತಪ್ಪದೆ ಕೊಟ್ಟರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ ಬೇಡವಾಗುವುದೂ ಉಂಟು. ಬೆಕ್ಕು ಊಟ ಬಿಟ್ಟ ದಿನ ವೈದ್ಯರನ್ನು ಕೇಳದೆ ಚುಚ್ಚಬಾರದು. ಚುಚ್ಚಿದ ನಂತರ ತೂರಾಡಿ ಬಿದ್ದರೆ ಒಸಡಿಗೆ ಸಕ್ಕರೆ ಪಾಕ ಅಥವಾ ಜೇನು ಸವರಿ ಆಸ್ಪತ್ರೆಗೆ ಒಯ್ಯಬೇಕು.

5. ರೋಗನಿರೋಧಕ ಶಕ್ತಿ ಕುಂದಿಸುವ ವೈರಾಣುಗಳು: ಬೆಕ್ಕಿನ ರಕ್ತಕ್ಯಾನ್ಸರ್ ವೈರಾಣುವನ್ನು 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ನಿರೋಧಕ ಶಕ್ತಿ ಕುಂದಿಸುವ ಇನ್ನೊಂದು ವೈರಾಣುವನ್ನು 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಂಡುಹಿಡಿಯಲಾಯಿತು. ಎರಡನೆಯದು ಮುಖ್ಯವಾಗಿ ಕಚ್ಚಾಟದಿಂದ ಹರಡುತ್ತದೆ. ಇದು ತಗುಲಿದ ಬೆಕ್ಕು ಮನೆಯೊಳಗೇ ಇದ್ದು ಆರೈಕೆ ಪಡೆದರೆ ವರ್ಷಗಟ್ಟಲೆ ಬದುಕಬಲ್ಲದು. ಇವೆರಡೂ ಮನುಷ್ಯರಿಗೆ ಬರುವುದಿಲ್ಲ. ಆದ್ದರಿಂದ ಹೆದರಿ ಹೊರಗಟ್ಟುವ ಅಗತ್ಯವಿಲ್ಲ.

ಆಹಾರ ಮತ್ತು ನೀರು

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೇನೋ ನಿಜ. ಆದರೆ ಬೆಳೆದ ಅನೇಕ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗದೆ ಭೇದಿಯಾಗುತ್ತದೆ. ಬೆಕ್ಕು ಮಾಂಸಾಹಾರಿ ಪ್ರಾಣಿ. ಟೌರಿನ್ ಎಂಬ ಪೋಷಕಾಂಶ ಅದಕ್ಕೆ ಮಾಂಸ, ಮೀನಿನಿಂದಲೇ ದೊರೆಯಬೇಕು. ಇದರ ಕೊರತೆಯಿಂದ ದೃಷ್ಟಿ ಕೆಡುತ್ತದೆ. ಹೃದಯವೂ ದುರ್ಬಲವಾಗುತ್ತದೆ ಎಂಬುದನ್ನು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪಶುವೈದ್ಯ ವಿಜ್ಞಾನಿಗಳು ತೋರಿಸಿಕೊಟ್ಟರು. ಆರೋಗ್ಯವಾದ ಬೆಕ್ಕು ಹಾಲು ಅನ್ನ ಉಂಡರೂ ಇಲಿ ಹಿಡಿದು ಕೊರತೆ ತುಂಬಿಕೊಳ್ಳುತ್ತದೆ. ಕಾಯಿಲೆಯ ಬೆಕ್ಕಿಗೆ ಬೇಟೆಯಾಡುವ ಶಕ್ತಿ ಇರುವುದಿಲ್ಲ.

ಬೇಯಿಸಿ ಮುಳ್ಳು ತೆಗೆದ ಮೀನು, ಮೂಳೆಯಿಲ್ಲದ ಕೋಳಿ ಮಾಂಸ, ಬೇಯಿಸಿದ ಮೊಟ್ಟೆಯನ್ನು ಸ್ವಲ್ಪ ಅನ್ನದೊಡನೆ ಕಲಸಿ ಕೊಡಬಹುದು. ಮಾಂಸ ಬೇಯಿಸದ ಮನೆಗಳಲ್ಲಿ ಬೆಕ್ಕಿಗೆಂದೇ ತಯಾರಾದ ಪೊಟ್ಟಣದ ಆಹಾರವನ್ನು ಹಿತ್ತಿಲಿನಲ್ಲಿ ಬೇರೆ ತಟ್ಟೆಯಲ್ಲಿಟ್ಟು ಕೊಟ್ಟರೆ ಸಾಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೆಕ್ಕಿನ ರಕ್ತಕಣಗಳನ್ನು ನಾಶಮಾಡುತ್ತದೆ. ಒಣಮೀನಿನ ಉಪ್ಪು ಮೂತ್ರಪಿಂಡದ ರೋಗಿಗೆ ಸಲ್ಲದು.

ನೀರನ್ನು ಅಗಲ ಬಾಯಿಯ ಬಟ್ಟಲುಗಳಲ್ಲಿ ಎರಡು ಮೂರು ಕಡೆ ಇಟ್ಟು ದಿನವೂ ಬದಲಿಸಬೇಕು. ಆಹಾರಕ್ಕೆ ಒಂದೆರಡು ಚಮಚ ಬಿಸಿನೀರು ಬೆರೆಸುವುದು ಖರ್ಚಿಲ್ಲದ ಔಷಧಿ. ಬೆಕ್ಕು ತೂಕದ ಪ್ರತಿ ಕಿಲೋಗೆ ದಿನಕ್ಕೆ 100 ಮಿ.ಲೀ.ಗಿಂತ ಹೆಚ್ಚು ನೀರು ಕುಡಿಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ಔಷಧಿ ಕೊಡುವ ಕ್ರಮ

ದಿನಕ್ಕೆರಡು ಸಲ ಕೊಡುವ ಔಷಧಿಯನ್ನು ಹಾಲು ಕರೆಯುವ ಹೊತ್ತಿಗೆ ಜೋಡಿಸಿಕೊಂಡರೆ ಮರೆಯುವುದಿಲ್ಲ. ಬೆಕ್ಕನ್ನು ದಪ್ಪ ಟವಲಿನಲ್ಲಿ ಸುತ್ತಿ, ತಲೆಯನ್ನು ತುಸು ಮೇಲೆತ್ತಿ, ಮಾತ್ರೆಯನ್ನು ನಾಲಿಗೆಯ ಬುಡದಲ್ಲಿಟ್ಟು ಬಾಯಿ ಮುಚ್ಚಿ ಗಂಟಲು ಸವರಬೇಕು. ನಂತರ ಸೂಜಿ ತೆಗೆದ ಸಿರಿಂಜಿನಿಂದ 5 ಮಿ.ಲೀ. ನೀರನ್ನು ಕೆನ್ನೆಯ ಬದಿಯಿಂದ ನಿಧಾನವಾಗಿ ಕುಡಿಸಬೇಕು. ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಹುಣ್ಣಾಗುತ್ತದೆ.

ವಾರಕ್ಕೊಮ್ಮೆ ತೂಕ ನೋಡಬೇಕು. ಬೆಕ್ಕನ್ನು ಚೀಲದಲ್ಲಿಟ್ಟು ತಕ್ಕಡಿಗೆ ತೂಗಿ ಚೀಲದ ತೂಕ ಕಳೆದರಾಯಿತು. 3 ಕಿಲೋ ಬೆಕ್ಕು 300 ಗ್ರಾಂ ಇಳಿಯುವುದೆಂದರೆ 60 ಕಿಲೋ ಮನುಷ್ಯ 6 ಕಿಲೋ ಇಳಿದಂತೆ. ತೂಕ, ಊಟ, ವಾಂತಿ, ಮೂತ್ರದ ವಿವರವನ್ನು ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲೇ ಬರೆದಿಟ್ಟರೆ ವೈದ್ಯರಿಗೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ.

ಮನೆಯಲ್ಲೇ ಇರುವ ವಿಷಗಳು

ಖರ್ಚು ಉಳಿಸಲೆಂದು ಮನೆಯ ಔಷಧಿಯನ್ನು ಬೆಕ್ಕಿಗೆ ಕೊಡುವುದು ಅತ್ಯಂತ ಅಪಾಯಕರ. ಪ್ಯಾರಾಸಿಟಮಾಲನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ದೇಹಕ್ಕೆ ತೀರ ಕಡಿಮೆ. 500 ಮಿ.ಗ್ರಾಂನ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ದನಗಳ ಉಣ್ಣೆಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಅಮಿಟ್ರಾಜ್ ಮತ್ತು ನಾಯಿಗಳ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ದನಕ್ಕೆ ತಂದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನ ಮೇಲೆ ಕೊಡಬಾರದು. ಇಲಿಪಾಷಾಣ ತಿಂದ ಇಲಿಯನ್ನು ಹಿಡಿದು ತಿಂದರೂ ಬೆಕ್ಕಿಗೆ ವಿಷವೇರಬಹುದು. ಆದುದರಿಂದ ಬೆಕ್ಕಿರುವ ಮನೆಯಲ್ಲಿ ಇಲಿಗೆ ಬೋನು ಲೇಸು.

ಕಷ್ಟಕಾಲದಲ್ಲಿ ಯಾವುದನ್ನು ಉಳಿಸಬೇಕು

ಕೈ ಖಾಲಿಯಾದ ಮೇಲೆ ಅಲ್ಲ, ಖಾಲಿಯಾಗುವ ಮೊದಲೇ ಪಶುವೈದ್ಯರಿಗೆ ಪರಿಸ್ಥಿತಿಯನ್ನು ತಿಳಿಸಬೇಕು. ಇದರಲ್ಲಿ ಸಂಕೋಚ ಸಲ್ಲದು. ತಿಂಗಳಿಗೆ ಎಷ್ಟು ಹೊಂದಿಸಲು ಸಾಧ್ಯವೆಂದು ತಿಳಿದರೆ ಅವರು ಕಡಿಮೆ ಬೆಲೆಯ ಪರ್ಯಾಯ ಔಷಧಿಯನ್ನು ಸೂಚಿಸಬಹುದು, ಬಿಡಬಹುದಾದ ಪರೀಕ್ಷೆಯನ್ನು ಬಿಡಬಹುದು. ಸಾಧಾರಣವಾಗಿ ಕೆಳಗಿನಂತೆ ವಿಂಗಡಿಸಿಕೊಳ್ಳಬಹುದು.

ಎಂದೂ ಬಿಡಬಾರದವು: ನೀರು, ಹದವಾದ ಆಹಾರ, ಬೆಚ್ಚಗಿನ ಒಣ ಹಾಸು, ಹುಚ್ಚುರೋಗದ ಲಸಿಕೆ.

ವೈದ್ಯರನ್ನು ಕೇಳದೆ ನಿಲ್ಲಿಸಬಾರದವು: ಮೂರ್ಛೆಗೆ ಕೊಡುವ ಫಿನೋಬಾರ್ಬಿಟೋನನ್ನು ಒಮ್ಮೆಲೇ ನಿಲ್ಲಿಸಿದರೆ ತೀವ್ರವಾದ ಮೂರ್ಛೆ ಮರುಕಳಿಸುತ್ತದೆ. ಬಹುಕಾಲ ಕೊಟ್ಟ ಪ್ರೆಡ್ನಿಸೋಲೋನನ್ನು ಹಂತ ಹಂತವಾಗಿ ಇಳಿಸಬೇಕು. ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ.

ಕೇಳಿ ಮುಂದೂಡಬಹುದಾದವು: ಬೆಕ್ಕು ಸ್ಥಿರವಾಗಿದ್ದರೆ ಪದೇ ಪದೇ ಮಾಡಿಸುವ ರಕ್ತಪರೀಕ್ಷೆ.

ಬಿಡಬಹುದಾದವು: ಜಾಹೀರಾತು ನೋಡಿ ಕೊಂಡ ಟಾನಿಕ್, ಪುಡಿ, ಸುಗಂಧದ ಸೋಪು, ದುಬಾರಿ ಮಲತೊಟ್ಟಿಯ ಮಣ್ಣು. ಹಳೆಯ ಬುಟ್ಟಿಗೆ ಗೋಣಿಚೀಲ ಹಾಸಿದರೆ ಹಾಸಿಗೆಯಾಯಿತು. ಅಗಲ ಬಾಣಲಿಗೆ ಒಣ ಮರಳು ತುಂಬಿದರೆ ಮಲತೊಟ್ಟಿಯಾಯಿತು.

ಆರೈಕೆ ಮಾಡುವವರು ತಾವೇ ಆಸ್ಪತ್ರೆ ಸೇರುವ ಸಂದರ್ಭವೂ ಬರುತ್ತದೆ. ಬೆಕ್ಕಿನ ಕೆಲಸ ಮನೆಯಲ್ಲಿ ಕನಿಷ್ಠ ಇಬ್ಬರಿಗೆ ತಿಳಿದಿರಬೇಕು. ಔಷಧಿಯ ಹೆಸರು, ಅಳತೆ, ಹೊತ್ತು, ವೈದ್ಯರ ದೂರವಾಣಿ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಔಷಧಿಯ ಡಬ್ಬಿಗೇ ಅಂಟಿಸಿದರೆ ನೆರೆಯವರೂ ನಾಲ್ಕು ದಿನ ನೋಡಿಕೊಳ್ಳಬಲ್ಲರು.

ಗರ್ಭಿಣಿಯರು ಮತ್ತು ಕ್ಯಾನ್ಸರಿನಂತಹ ರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಬೆಕ್ಕಿನ ಮಲ ತೆಗೆಯಬಾರದು. ಟಾಕ್ಸೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಅದರಲ್ಲಿರಬಹುದು. ಅದು ಸೋಂಕು ತರುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕಾಗುವುದರಿಂದ, ಬೇರೊಬ್ಬರು ದಿನವೂ ತೆಗೆದು ಮಣ್ಣಿನಲ್ಲಿ ಹೂಳಿ ಕೈ ತೊಳೆದರೆ ಅಪಾಯ ಬಹಳ ಕಡಿಮೆ. ಬೆಕ್ಕಿಗೆ ಹಸಿ ಮಾಂಸ ಕೊಡಬಾರದೆನ್ನುವುದೂ ಇದಕ್ಕಾಗಿಯೇ.

ತಡಮಾಡಬಾರದ ಲಕ್ಷಣಗಳು

ಅ) ಗಂಡು ಬೆಕ್ಕು ಪದೇ ಪದೇ ಮುಕ್ಕರಿದರೂ ಮೂತ್ರ ಬಾರದಿರುವುದು. ಇದನ್ನು ಮಲಬದ್ಧತೆಯೆಂದು ತಿಳಿದು ಕುಳಿತರೆ ಒಂದೆರಡು ದಿನಗಳಲ್ಲಿ ಸಾಯುತ್ತದೆ.
ಆ) ಬಾಯಿ ತೆರೆದು ಉಸಿರಾಡುವುದು, ಅಥವಾ ಮಲಗಿದಾಗಲೂ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು.
ಇ) ಒಂದು ದಿನ ಪೂರ್ತಿ ಏನನ್ನೂ ತಿನ್ನದಿರುವುದು. ಎರಡು ಮೂರು ದಿನ ಉಪವಾಸವಿದ್ದರೆ, ಅದರಲ್ಲೂ ದಪ್ಪಗಿರುವ ಬೆಕ್ಕುಗಳಲ್ಲಿ, ಯಕೃತ್ತಿಗೆ ಕೊಬ್ಬು ತುಂಬುತ್ತದೆ.
ಈ) ಮೂರ್ಛೆ, ಅಥವಾ ಹಿಂಗಾಲು ಒಮ್ಮೆಗೇ ಬಿದ್ದುಹೋಗುವುದು.

ಬೆಕ್ಕಿನ ಸಹಜ ಉಷ್ಣತೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೈ ಬಿಸಿಯಾಗುವುದಕ್ಕಿಂತ ತಣ್ಣಗಾಗುವುದು ಹೆಚ್ಚು ಕೆಟ್ಟ ಸೂಚನೆ.

ಕೊನೆಯ ಹಂತ

ಎಷ್ಟು ಆರೈಕೆ ಮಾಡಿದರೂ ಬೆಕ್ಕು ಏಳಲಾರದೆ, ತಿನ್ನದೆ, ಮೈ ನೆಕ್ಕಿಕೊಳ್ಳದೆ ನೋವಿನಲ್ಲೇ ದಿನ ಕಳೆಯುವ ಕಾಲ ಬರಬಹುದು. ಆಗ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುವ ರೂಢಿ ಕೆಲವು ಕಡೆ ಇದೆ. ಕಾಯಿಲೆಯ ಬೆಕ್ಕು ಹಸಿವು, ನೀರಡಿಕೆಯಿಂದ ನರಳಿ ಸಾಯುವುದಲ್ಲದೆ ಇದರಿಂದ ಮತ್ತೇನೂ ಆಗದು. ಹೀಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಪಶುವೈದ್ಯರು ಅರಿವಳಿಕೆಯ ಮೂಲಕ ನೋವಿಲ್ಲದ ಅಂತ್ಯ ಕಾಣಿಸಬಲ್ಲರು. ಖರ್ಚು ಭರಿಸಲಾಗದೆ ಈ ನಿರ್ಧಾರಕ್ಕೆ ಬಂದ ಮನೆಯವರು ತಪ್ಪಿತಸ್ಥರೆಂದು ಕೊರಗಬೇಕಾಗಿಲ್ಲ. ಮಕ್ಕಳಿಗೆ ಬೆಕ್ಕು ಓಡಿಹೋಯಿತೆಂದು ಸುಳ್ಳು ಹೇಳುವ ಬದಲು ನಿಜವನ್ನು ಮೆಲ್ಲಗೆ ತಿಳಿಸುವುದು ಒಳ್ಳೆಯದು.

ಚಿಕಿತ್ಸೆಗಾಗಿ ಮೊದಲು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಹೆಚ್ಚಿನ ಪರೀಕ್ಷೆ ಬೇಕಾದಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ ಮತ್ತು ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಒಯ್ಯಬಹುದು. ಹೋಗುವಾಗ ಬೆಕ್ಕನ್ನು ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿಟ್ಟು, ಈವರೆಗಿನ ಔಷಧಿಯ ಚೀಟಿಗಳನ್ನೂ ತೂಕ ಬರೆದ ಕ್ಯಾಲೆಂಡರನ್ನೂ ಮರೆಯದೆ ಜೊತೆಗೆ ಒಯ್ಯಬೇಕು.