ನಿಮಗಿದು ಗೊತ್ತೇ? ಒತ್ತಿದ ಲೈಕ್ ಎಲ್ಲಿಗೆ ಹೋಗುತ್ತದೆ?

ಶೀಳನೆರೆ ಊರಿನ ತೆಂಗಿನ ತೋಟವೊಂದರಲ್ಲಿ ನಿಂತು ಕಪ್ಪುತಲೆ ಹುಳುವಿನ ಹತೋಟಿಯ ವಿಡಿಯೊ ನೋಡಿದಿರಿ, ಚೆನ್ನಾಗಿದೆ ಅಂತ ಲೈಕ್ ಒತ್ತಿದಿರಿ ಎನ್ನಿ. ಆ ಕ್ಷಣವೇ ಅದು ನಿಮ್ಮದೇ ಪಟ್ಟಿಯೊಂದಕ್ಕೆ ಸೇರಿತು! ಯೂಟ್ಯೂಬಿನ ಕೆಳಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ, ಪ್ಲೇಲಿಸ್ಟ್‌ಗಳಲ್ಲಿ ಲೈಕ್ ಮಾಡಿದ ವಿಡಿಯೊಗಳನ್ನು ತೆರೆಯಿರಿ. ಕೊನೆಗೆ ಒತ್ತಿದ್ದು ಮೊದಲು ಕಾಣುತ್ತದೆ. ಆ ಹುಳುವನ್ನು ಹತೋಟಿಗೆ ತರುವ ಗೋನಿಯೋಜಸ್ ಪರೋಪಜೀವಿಯನ್ನು ತೋಟಕ್ಕೆ ಯಾವಾಗ, ಎಷ್ಟು ಬಿಡಬೇಕೆಂಬುದು ಮರೆತರೆ ಮೊದಲಿನಿಂದ ತಡಕಾಡಬೇಕಿಲ್ಲ. ಅಜ್ಜಿಯರು ನೆನಪಿಗೆಂದು ಸೆರಗಿಗೆ ಹಾಕಿಕೊಳ್ಳುತ್ತಿದ್ದ ಗಂಟು ಇದು.

ಅಂದಹಾಗೆ, ಫೇಸ್‌ಬುಕ್‌ಗೆ ಲೈಕ್ ಬಂದದ್ದು 2009ರ ಫೆಬ್ರುವರಿ 9ರಂದು. ವಿಮಿಯೊ ಅದಕ್ಕೂ ಮೊದಲೇ, 2005ರಲ್ಲಿ ತಂದಿತ್ತು. ಯೂಟ್ಯೂಬಿನಲ್ಲಿ 2010ರವರೆಗೆ ಲೈಕ್ ಬದಲು ಇದ್ದದ್ದು ಐದು ನಕ್ಷತ್ರಗಳ ಅಂಕ.

ಟ್ವಿಟರ್‌ನಲ್ಲಿ ಲೈಕ್ ಜಾಗದಲ್ಲಿ ಮೊದಲಿದ್ದದ್ದು ನಕ್ಷತ್ರ. ಆಮೇಲೆ ಓದೋಣವೆಂದು ಎತ್ತಿಡಲು ಎಷ್ಟೋ ಮಂದಿ ಅದನ್ನೇ ಒತ್ತುತ್ತಿದ್ದರು. 2015ರ ನವೆಂಬರ್‌ನಲ್ಲಿ ಅದು ಹೃದಯವಾಯಿತು. ಎತ್ತಿಡುವುದಕ್ಕೆಂದೇ ಬುಕ್‌ಮಾರ್ಕ್ ಸಿಕ್ಕಿದ್ದು 2018ರಲ್ಲಿ.

ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಎಚ್ಚರ. ಅಲ್ಲಿ ಹೆಬ್ಬೆರಳು ಒತ್ತಿದರೆ ಕಳಿಸಿದವರಿಗೆ ಖುಷಿ, ನಿಮಗೆ ಏನೂ ಉಳಿಯದು. ಸಂದೇಶವನ್ನು ಒತ್ತಿ ಹಿಡಿದು ನಕ್ಷತ್ರ ಹಾಕಿ. ಸ್ಟಾರ್ ಮಾಡಿದವೆಲ್ಲ ಒಂದೇ ಕಡೆ ಸಿಗುತ್ತವೆ. ಇನ್‌ಸ್ಟಾಗ್ರಾಮ್‌ನಲ್ಲೂ ಎತ್ತಿಡಲು ಹೃದಯಕ್ಕಿಂತ ಬಲಗಡೆಯ ರಿಬ್ಬನ್ ಗುರುತೇ ವಾಸಿ. 2016ರಿಂದಲೂ ಇದೆ.

ಹಾಡಿನ ವಿಷಯದಲ್ಲಂತೂ ಲೈಕ್ ಬೇಕೇ ಬೇಕು. ಉದಾಹರಣೆಗೆ, ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪುಸ್ತಕವಾಯಿತು. 1992ರಲ್ಲಿ ಟಿ.ಎಸ್. ನಾಗಾಭರಣ ಅದೇ ಹೆಸರಿನ ಸಿನಿಮಾ ಮಾಡಿದರು, ಸಂಗೀತ ಸಿ. ಅಶ್ವತ್ಥ್ ಅವರದು. ಅದರ ಹಾಡೊಂದನ್ನು ಹುಡುಕಿ ನೋಡಿ: ಸಿನಿಮಾದ್ದು, ಕಚೇರಿಯದ್ದು, ಶಾಲಾ ಮಕ್ಕಳದ್ದು, ಕರೋಕೆ, ಎಲ್ಲ ಸಾಲಾಗಿ ಬರುತ್ತವೆ. ಮನಸ್ಸಿಗೆ ಹಿಡಿದ ದನಿ ಮತ್ತೆ ಸಿಗಬೇಕಾದರೆ ಕೇಳುತ್ತಿರುವಾಗಲೇ ಒತ್ತಿಬಿಡಿ. ಟೈಪಿಸಲು ಬಾರದ ಹಿರಿಯರಿಗೆ ಈ ಪಟ್ಟಿ ತೆರೆಯುವುದನ್ನು ಮನೆಯ ಮಕ್ಕಳು ಒಮ್ಮೆ ಕೂತು ತೋರಿಸಿಕೊಟ್ಟರೆ ದೊಡ್ಡ ಉಪಕಾರ.

ಆದರೆ ಲೈಕ್ ಉಳಿಸುವುದು ವಿಡಿಯೊವನ್ನಲ್ಲ, ಅದರ ವಿಳಾಸವನ್ನಷ್ಟೇ. ಹಾಕಿದವರು ಅಳಿಸಿದರೆ ನಿಮ್ಮ ಪಟ್ಟಿಯಲ್ಲೂ ಅದು ಸಿಗದು. ಔಷಧದ ಪ್ರಮಾಣದಂಥ ಮುಖ್ಯ ಸಂಗತಿಯನ್ನು ಒಂದು ಪುಸ್ತಕದಲ್ಲೂ ಬರೆದಿಟ್ಟುಕೊಳ್ಳಿ.

ಇನ್ನೊಂದು: ಯೂಟ್ಯೂಬಿನ ಲೈಕ್ ಪಟ್ಟಿ ಇರುವುದು ಫೋನಿನಲ್ಲಲ್ಲ, ನಿಮ್ಮ ಜಿಮೇಲ್ ಖಾತೆಯಲ್ಲಿ. ಹೊಸ ಫೋನ್ ಕೊಂಡಾಗ ಅಂಗಡಿಯವರು ಹೊಸ ಜಿಮೇಲ್ ಮಾಡಿಕೊಡಲು ಹೊರಟರೆ ತಡೆಯಿರಿ. ಹಳೆಯ ವಿಳಾಸ, ಪಾಸ್‌ವರ್ಡ್ ಎರಡನ್ನೂ ಜೊತೆಗೇ ಒಯ್ಯಿರಿ.